ಜೂಮ್ ಗುರುವೋ, ಕ್ಯಾಂಪಿನ ಗುರುವೋ? ಎರಡೂ ಕಡೆ ಕೂತು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿಗೆ. ಮೈಸೂರಿನಲ್ಲಿ ಮನೆ. ಅಲ್ಲಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ ಸಾವಿರಾರು ಲಾಮಾಗಳಿದ್ದಾರೆ. ಹಾಗಿದ್ದೂ ಟಿಬೆಟಿನ ಬೌದ್ಧ ಧರ್ಮ ಕಲಿಯಲು ಅಮೆರಿಕದ ಒಂದು ಆನ್‌ಲೈನ್ ಕೋರ್ಸಿಗೆ 240 ಡಾಲರ್ ಕಟ್ಟಿದ ಬುದ್ಧಿವಂತ ನಾನು. ಕಾರ್ಡಿನವರು ಹಿಡಿದುಕೊಂಡದ್ದೂ ಸೇರಿ 20 ಸಾವಿರ ರೂಪಾಯಿ ದಾಟಿತು. ಮನೆಯಲ್ಲಿ 12 ಅಂತ ಹೇಳಿದ್ದೆ. ಸುಳ್ಳು ಹೇಳಬಾರದು ಅನ್ನುವ ಶೀಲ ಎರಡನೇ ವಾರದ ಪಾಠದಲ್ಲೇ ಬಂತು.

ಪಾಠದ ಬಗ್ಗೆ ದೂರಿಲ್ಲ. ಹೇಳಿಕೊಡುವವರ ಇಂಗ್ಲಿಷ್ ಚೆನ್ನಾಗಿತ್ತು, ವಿಷಯ ಗೊತ್ತಿತ್ತು. ನನ್ನ ತಲೆ ತಿಂದದ್ದು ಲುಂಗ್.

ಲುಂಗ್ ಅಂದರೆ ಟಿಬೆಟಿನವರ ಪದ್ಧತಿಯಲ್ಲಿ ಗುರು ಒಂದು ಪಠ್ಯವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದು. ನಾವು ಸುಮ್ನೆ ಕೇಳಿಸಿಕೊಳ್ಳಬೇಕು. ಅರ್ಥ ಆಗದಿದ್ದರೂ ಪರವಾಗಿಲ್ಲ. ಆ ಗುರುವಿಗೆ ಅವರ ಗುರು ಓದಿದ್ದು, ಅವರಿಗೆ ಅವರ ಗುರು ಓದಿದ್ದು, ಹಾಗೆ ಬಾಯಿಂದ ಕಿವಿಗೆ ಇಳಿದು ಬಂದ ಸರಪಳಿ ಅದು. ಅದು ಸಿಕ್ಕ ಮೇಲೆಯೇ ಆ ಪಠ್ಯದ ಅಭ್ಯಾಸ ಶುರು ಮಾಡುವುದು ರೂಢಿ. ನಮ್ಮ ಕೋರ್ಸಿನಲ್ಲಿ ತಾರಾ ಅನ್ನುವ ಬೌದ್ಧ ದೇವಿಯ ಸಾಧನೆಯ ಪಠ್ಯವನ್ನು ಎರಡು ದಿನದಲ್ಲಿ ಓದಿ ಮುಗಿಸುವುದು ಅಂತ ಇತ್ತು. ಅವರಿಗೆ ಸಂಜೆ 5, ನನಗೆ ಬೆಳಗಿನ ಜಾವ 2:30.

ಮೊದಲನೆಯದು ಅಕ್ಟೋಬರ್ ಕೊನೆಯಲ್ಲಿ. ಮುಖ ತೊಳೆದು, ದೀಪ ಹಚ್ಚಿ, ಶಾಲು ಹೊದ್ದು ಲ್ಯಾಪ್‌ಟಾಪ್ ಮುಂದೆ ಕೂತೆ. ಇಪ್ಪತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಗುರುಗಳು ಬಾಯಿ ತೆರೆದುಕೊಂಡು ನಿಂತೇಬಿಟ್ಟರು. ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ಧರ್ಮಚಕ್ರ ಅಲ್ಲ, ನೆಟ್‌ವರ್ಕಿನದು. ಅದು ಸರಿಹೋಗುವಷ್ಟರಲ್ಲಿ ಮೂರು ಪುಟ ಮುಂದೆ ಹೋಗಿದ್ದರು.

ಎರಡನೆಯದು ನವೆಂಬರಿನಲ್ಲಿ. ನಡುವೆ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡಿದ್ದರು. ನವೆಂಬರಿನ ಮೊದಲ ಭಾನುವಾರ ಅವರು ಹಾಗೆ ಮಾಡುತ್ತಾರೆ ಅಂತ ನನಗೇನು ಗೊತ್ತು? ಅವರ ಸಂಜೆ 5 ನನಗೆ 3:30 ಆಗಿತ್ತು. ನಾನು 2:30ಕ್ಕೇ ಎದ್ದು ಖಾಲಿ ಪರದೆ ನೋಡುತ್ತಾ ಕೂತೆ. ಕೂತಲ್ಲೇ ತೂಕಡಿಕೆ. ಕಣ್ಣು ಬಿಟ್ಟಾಗ ಎಲ್ಲರೂ ಕೈ ಬೀಸಿ ಬೈ ಹೇಳುತ್ತಿದ್ದರು.

ರೆಕಾರ್ಡಿಂಗ್ ಇತ್ತಲ್ಲ, ಮರುದಿನ ಕೇಳಿದೆ. ಹಾಗೆ ಕೇಳಿದ್ದು ಲೆಕ್ಕಕ್ಕೆ ಬರುತ್ತದಾ ಅಂತ ಕೋರ್ಸಿನ ಆಫೀಸಿಗೆ ಮೇಲ್ ಹಾಕಿದೆ. ಮೊದಲ ಉತ್ತರ: ನೇರಪ್ರಸಾರ ಆಗುತ್ತದೆ, ರೆಕಾರ್ಡಿಂಗ್ ಆಗುವುದಿಲ್ಲ. ಇನ್ನೊಬ್ಬರ ಉತ್ತರ: ನಿಮ್ಮ ಶ್ರದ್ಧೆ ಇದ್ದಂತೆ. ಹಾಗಾದರೆ ತಪ್ಪಿಹೋದ ಮೂರು ಪುಟದ ಗತಿ ಏನು ಅಂತ ಕೇಳಿದ್ದಕ್ಕೆ, ಮುಂದಿನ ವರ್ಷದ ಬ್ಯಾಚಿಗೆ ರಿಯಾಯಿತಿ ಕೊಡುತ್ತೇವೆ ಅಂದರು. ಪಾಪ, ಅವರದ್ದೂ ಪೂರ್ತಿ ತಪ್ಪಲ್ಲ. ಈ ವಿಷಯದಲ್ಲಿ ಗುರುಗಳಲ್ಲೇ ಒಂದೇ ಮಾತಿಲ್ಲ. ಕೆಲವರು ನೇರಪ್ರಸಾರ ಒಪ್ಪುತ್ತಾರೆ, ಕೆಲವರಿಗೆ ಶಿಷ್ಯ ಎದುರಿಗೇ ಕೂತಿರಬೇಕು. ಆದರೆ ನನ್ನ ಗುರುವಿನ ಮನಸ್ಸಿನಲ್ಲಿ ಏನಿದೆ ಅಂತ ಅವರನ್ನೇ ಕೇಳುವ ದಾರಿ ನನಗಿರಲಿಲ್ಲ. ನಡುವೆ ಆ ಆಫೀಸು ಇತ್ತು. ಆ ಗೊಂದಲದಲ್ಲಿ ನಾಲ್ಕು ತಿಂಗಳು ಅಭ್ಯಾಸವನ್ನೇ ಬಿಟ್ಟೆ.

ಬೈಲಕುಪ್ಪೆಯ ಮೊದಲ ಸಲವೂ ಕೆಟ್ಟದ್ದೇ. ಭಾನುವಾರ ಹೋದೆ. ನಾಮ್‌ಡ್ರೋಲಿಂಗ್‌ನಲ್ಲಿ, ಅದೇ ನಾವೆಲ್ಲ ಗೋಲ್ಡನ್ ಟೆಂಪಲ್ ಅನ್ನುವುದು, ಬಸ್ಸುಗಟ್ಟಲೆ ಜನ, ಸೆಲ್ಫಿ, ಐಸ್‌ಕ್ರೀಮ್. ಗುರು ಬೇಕು ಅಂತ ಯಾರನ್ನು ಕೇಳುವುದು? ಮೊಮೊ ತಿಂದು ವಾಪಸ್ ಬಂದೆ.

ಎರಡನೇ ಸಲ ವಾರದ ನಡುವೆ ರಜೆ ಹಾಕಿ, ಕೊಪ್ಪದಲ್ಲಿ ಬಸ್ ಇಳಿದು, ಆಟೊದಲ್ಲಿ ಸೆರಾ ಮಠದ ಕಡೆ ಹೋದೆ. ಅಂಗಳದಲ್ಲಿ ಮಠದ ಹುಡುಗರು ಚಪ್ಪಾಳೆ ಹೊಡೆದು, ಕಾಲು ಅಪ್ಪಳಿಸಿ ಶಾಸ್ತ್ರದ ವಾದ ಮಾಡುತ್ತಿದ್ದರು. ಪಕ್ಕದ ಟೀ ಅಂಗಡಿಯ ಅಜ್ಜಿಗೆ ವಿಷಯ ಹೇಳಿದೆ. ಆಕೆ ಮೂವರ ಹೆಸರು ಹೇಳಿ, ಯಾರಿಗೆ ಸಿಟ್ಟು ಜಾಸ್ತಿ, ಯಾರಿಗೆ ಸಮಯ ಇರುತ್ತದೆ ಅಂತಲೂ ತಿಳಿಸಿದಳು. ಗುರುವನ್ನು ಒಪ್ಪುವ ಮುಂಚೆ ಬೇಕಾದರೆ 12 ವರ್ಷ ಪರೀಕ್ಷೆ ಮಾಡು ಅಂತ ಟಿಬೆಟಿನವರು ಹೇಳುತ್ತಾರೆ. ಆ ಅಜ್ಜಿ ಇದ್ದರೆ ಅರ್ಧಕ್ಕರ್ಧ ಉಳಿಯುತ್ತದೆ. ಜೂಮ್‌ನಲ್ಲಿ ಗುರುವಿನ ಪಕ್ಕದ ಮನೆಯವರನ್ನು ಎಲ್ಲಿಂದ ತರುವುದು?

ನನಗೆ ಸಿಕ್ಕವರು ಒಬ್ಬ ಗೆಶೆ. ಹೆಚ್ಚು ಕಡಿಮೆ 20 ವರ್ಷ ಓದಿದ ಮೇಲೆ ಬರುವ ಪದವಿ ಅದು. ಗೆನ್‌ಲಾ ಅಂತ ಕರೆಯುತ್ತೇನೆ. ಆ 'ಲಾ' ನಮ್ಮ 'ಅವರೇ' ಇದ್ದ ಹಾಗೆ, ಮರ್ಯಾದೆಗೆ. ಅವರ ಕನ್ನಡ ಮಾತ್ರ ಕುಶಾಲನಗರದ ಸಂತೆಯಲ್ಲಿ ತರಕಾರಿ ಕೊಳ್ಳುತ್ತಾ ಕಲಿತದ್ದು, ಬಹುವಚನ ಇಲ್ಲವೇ ಇಲ್ಲ. "ನೀನು ಬಾ. ಕೂತ್ಕೋ. ಎಷ್ಟು ದಿನ ಮಾಡ್ದೆ?" ದೊಡ್ಡ ವಿಷಯಗಳಿಗೆ ಹಿಂದಿ, ಅದಕ್ಕೂ ಮೀರಿದರೆ ಇಂಗ್ಲಿಷ್ ಬರುವ ಕಿರಿಯ ಲಾಮಾ ಬರುತ್ತಾರೆ. ನಿಧಾನ ಆಗುತ್ತದೆ, ನಿಜ. ಶೂನ್ಯತೆ ಅರ್ಥ ಮಾಡಿಕೊಳ್ಳಲು ಮೂರು ಭಾಷೆ ದಾಟಬೇಕು.

ಲುಂಗ್ ಕಥೆ ಹೇಳಿದೆ. ಅಭ್ಯಾಸ ನಿಲ್ಲಿಸಿದ್ದು ಕೇಳಿ ಬೈದರು, ಮೂರು ಪುಟಕ್ಕಲ್ಲ. ಆ ಪಠ್ಯದ ಲುಂಗ್ ಅವರಿಗೆ ಸಿಕ್ಕಿತ್ತು. ಮುಂದಿನ ಗುರುವಾರ ಬಾ ಅಂದರು. ಹೋದೆ. ಓದುವಾಗ ನಡುವೆ ಕರೆಂಟ್ ಹೋಯಿತು. ಓದು ನಿಲ್ಲಿಸದೆ ಎದ್ದು, ಕಿಟಕಿ ಹತ್ತಿರ ಹೋಗಿ, ಅಲ್ಲೇ ನಿಂತು ಮುಗಿಸಿದರು.

ರೆಕಾರ್ಡಿಂಗ್ ಅಂದರೇ ನನಗೆ ಆಗದು ಅಂತಲ್ಲ. ಬೆಂಗಳೂರಿನ ತುಮಕೂರು ರಸ್ತೆಯ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಕೇಂದ್ರದಲ್ಲಿ ಹತ್ತು ದಿನದ ವಿಪಶ್ಯನ ಧ್ಯಾನವನ್ನೂ ಮಾಡಿದ್ದೇನೆ. ಅದನ್ನು ಕಲಿಸುತ್ತಿದ್ದ ಗೋಯೆಂಕಾ ಅವರು 2013ರಲ್ಲಿ ತೀರಿಕೊಂಡರು. ಇವತ್ತಿಗೂ ಪಾಠ ಅವರ ರೆಕಾರ್ಡಿಂಗ್‌ನಲ್ಲೇ. ಅಲ್ಲಿ ಅದು ತೊಂದರೆ ಅನ್ನಿಸಲಿಲ್ಲ, ಯಾಕೆಂದರೆ ಎದುರಿಗೆ ಒಬ್ಬ ಆಚಾರ್ಯರು ಕೂತಿರುತ್ತಾರೆ, ಮಧ್ಯಾಹ್ನ ಹೋಗಿ ಸಂದೇಹ ಕೇಳಬಹುದು. ಶುಲ್ಕ ಇಲ್ಲ, ಕೊನೆಯಲ್ಲಿ ಕೈಲಾದಷ್ಟು ದಾನ.

ಬೈಲಕುಪ್ಪೆಯ ಖರ್ಚು: ಬಸ್ಸು, ಆಟೊ, ಹಣ್ಣು, ಕವರಿನಲ್ಲಿ ಸ್ವಲ್ಪ ದುಡ್ಡು. ತಿಂಗಳಿಗೆ ಎರಡು ಸಲದಂತೆ ವರ್ಷವಿಡೀ ಹೋದರೂ ಆ ಕೋರ್ಸಿಗಿಂತ ಕಡಿಮೆ. ಆದರೆ ಇದು ಮೈಸೂರಿನವನ ಲೆಕ್ಕ. ಕಲಬುರಗಿಯ ಗೆಳೆಯನಿಗೆ ಬೈಲಕುಪ್ಪೆ ಎರಡು ದಿನದ ರಜೆ ಮತ್ತು ಬೆನ್ನುನೋವು. ಅವನಿಗೆ ನಾನು ಹೇಳಿದ್ದು, ದುಡ್ಡು ಮಾತ್ರ ಕಟ್ಟಬೇಡ. ದಲೈ ಲಾಮಾ ಅವರ ಉಪದೇಶಗಳೇ ಇಂಟರ್ನೆಟ್‌ನಲ್ಲಿ ಪುಕ್ಕಟೆ ಬರುತ್ತವೆ, ಹಿಂದಿಯಲ್ಲೂ ಸಿಗುತ್ತವೆ. ನಾನೂ ಪಾತ್ರೆ ತೊಳೆಯುವಾಗ ಹಾಕಿಕೊಳ್ಳುತ್ತೇನೆ.

ಹೋಗುವುದಾದರೆ ಲೋಸಾರ್ ಹೊತ್ತಿಗೆ, ಅಂದರೆ ಫೆಬ್ರವರಿ, ಮಾರ್ಚ್ ಮೊದಲಿಗೆ ಬರುವ ಅವರ ಹೊಸ ವರ್ಷಕ್ಕೆ, ಗುರು ಹುಡುಕಲು ಹೋಗಬೇಡಿ. ಎಲ್ಲರೂ ಹಬ್ಬದ ಗಡಿಬಿಡಿಯಲ್ಲಿರುತ್ತಾರೆ. ಅಮೆರಿಕದಿಂದ ಬರುವ ನಿಮ್ಮ ಭಾವ ವಿದೇಶಿ ಪಾಸ್‌ಪೋರ್ಟಿನವನಾದರೆ, ಕ್ಯಾಂಪಿನಲ್ಲಿ ರಾತ್ರಿ ಉಳಿಯಲು ಮೊದಲೇ ಪರ್ಮಿಟ್ ಮಾಡಿಸಿಕೊಳ್ಳಲಿ.