ನೆಟ್ ಇಲ್ಲದ ಶಾಲೆಗೆ ಯಾವ ಬೋರ್ಡು? ಊನೋ, ಮೈಕ್ರೋಬಿಟ್, ಪಿಕೊ

ಶನಿವಾರ ಬಂತೆಂದರೆ ಊರಿನ ಹೈಸ್ಕೂಲಿಗೆ ಹೋಗಿ ಎಂಟನೇ ತರಗತಿಯವರಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತೇನೆ. ಅಲ್ಲಿ ಇಂಟರ್ನೆಟ್ ಇಲ್ಲ, ಕರೆಂಟು ಬಂದರೆ ಬಂತು. ಒಯ್ಯುವುದು ಅಂಗೈಯಗಲದ ಬೋರ್ಡುಗಳನ್ನು, ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆದು ಇವಕ್ಕೆ ಹಾಕಿದರೆ ದೀಪ, ಸೆನ್ಸರ್ ನಡೆಸುತ್ತವೆ. ಹಾಗಾಗಿ ಯಾವ ಚಿಪ್ ಜೋರು ಅನ್ನುವುದು ನನ್ನ ಚಿಂತೆಯಲ್ಲ. ನಲವತ್ತು ನಿಮಿಷದ ಪೀರಿಯಡ್ ಮುಗಿಯುವಷ್ಟರಲ್ಲಿ ಮಕ್ಕಳ ಕೈಯಲ್ಲಿ ಏನಾದರೂ ಮಿನುಗಬೇಕು, ಅಷ್ಟೇ.

ಮೊದಲು ಒಯ್ದದ್ದು ಆರ್ಡುಯಿನೊ ಊನೋ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಗ್ಗಕ್ಕೆ ಸಿಗುವ ನಕಲು. ವಿನ್ಯಾಸ ಎಲ್ಲರಿಗೂ ತೆರೆದಿಟ್ಟದ್ದು, ಕದ್ದ ಮಾಲೇನಲ್ಲ. ಆದರೆ ನಕಲಿನಲ್ಲಿ ಯುಎಸ್‌ಬಿಗೆ ಸಿಎಚ್340 ಚಿಪ್ ಹಾಕಿರುತ್ತಾರೆ. ಮನೆಯಲ್ಲಿ ವಿಂಡೋಸ್ ಅದರ ಡ್ರೈವರನ್ನು (ಚಿಪ್ಪನ್ನು ಕಂಪ್ಯೂಟರಿಗೆ ಪರಿಚಯಿಸುವ ಪ್ರೋಗ್ರಾಂ) ನೆಟ್ಟಿನಿಂದ ತಾನೇ ಇಳಿಸಿಕೊಂಡಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಶಾಲೆಯ ಕಂಪ್ಯೂಟರಿಗೆ ಚುಚ್ಚಿದರೆ ಬೋರ್ಡಿನ ಪೋರ್ಟೇ (ಪ್ರೋಗ್ರಾಂ ಕಳಿಸುವ ದಾರಿ) ಪಟ್ಟಿಯಲ್ಲಿ ಇಲ್ಲ! ವಿಂಡೋಸ್ ಬದಲು ಉಬುಂಟು 22.04 ಲಿನಕ್ಸ್ ಇರುವ ನನ್ನ ಲ್ಯಾಪ್‌ಟಾಪ್ ತೆಗೆದೆ. ಅಲ್ಲೂ ಪೋರ್ಟ್ ಕಂಡ ಹಾಗೆ ಮಾಡಿ ಮಾಯವಾಯಿತು. ಬ್ರೈಲ್ ಸಾಧನಗಳನ್ನು ನಡೆಸುವ ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ ಈ ಚಿಪ್ಪನ್ನು ತನ್ನದೇ ಅಂದುಕೊಂಡು ಹಿಡಿದಿಟ್ಟುಕೊಳ್ಳುತ್ತದೆ ಅಂತ ಆಮೇಲೆ ತಿಳಿಯಿತು. ಅವತ್ತಿನ ಪೀರಿಯಡ್ ಪೂರ್ತಿ ಹೋಯಿತು. ಮಕ್ಕಳು ಮರ್ಯಾದೆಗೆ ಸುಮ್ನೆ ಕೂತಿದ್ದರು.

ಒಂದು ಮಾತು ಊನೋ ಪರವಾಗಿ: ಉದ್ದ ಕಾಲಿನ ಚಿಪ್ಪಿರುವ ಮಾದರಿ ಕೊಂಡರೆ, ಯಾರಾದರೂ ತಪ್ಪು ವೈರ್ ಕೊಟ್ಟು ಸುಟ್ಟರೂ ಚಿಪ್ ಮಾತ್ರ ಕಿತ್ತು ಬೇರೆ ಕೂರಿಸಬಹುದು.

ಮೈಕ್ರೋಬಿಟ್ ಕಥೆಯೇ ಬೇರೆ. ಬಿಬಿಸಿ 2016ರಲ್ಲಿ ಬ್ರಿಟನ್ನಿನ ಶಾಲಾಮಕ್ಕಳಿಗೆ ಹಂಚಿದ ಬೋರ್ಡ್ ಇದು. ಚುಚ್ಚಿದರೆ ಪೆನ್‌ಡ್ರೈವ್ ಹಾಗೆ ಕಾಣುತ್ತದೆ, ಪ್ರೋಗ್ರಾಂ ಫೈಲನ್ನು ಎಳೆದು ಹಾಕಿದರೆ ಮುಗಿಯಿತು. ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವ ಮೇಕ್‌ಕೋಡ್‌ನ ಆಫ್‌ಲೈನ್ ಆ್ಯಪನ್ನು ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದೆ. ಗುಂಡಿ, ಅಲುಗಾಟ ಗುರುತಿಸುವ ಸೆನ್ಸರ್, 25 ಎಲ್‌ಇಡಿ ಎಲ್ಲ ಬೋರ್ಡಿನಲ್ಲೇ ಇವೆ, ವೈರ್ ಬೇಡ. ಕರೆಂಟು ಹೋದರೆ ಎರಡು ಸಣ್ಣ ಸೆಲ್ ಸಾಕು.

ಕನ್ನಡ ಅಕ್ಷರ ಅದಕ್ಕೆ ಬರುವುದಿಲ್ಲ. ಮಕ್ಕಳು ಬಿಡುತ್ತಾರಾ? ಐದು ಸಾಲು, ಐದು ಕಂಬದಲ್ಲಿ ಚುಕ್ಕಿ ಇಟ್ಟು ತಾವೇ ಬರೆಯಹೊರಟರು. 'ಅ' ಹಾಳಾಯಿತು, 'ಕ' ಯಾರಿಗೂ ಓದಲಾಗಲಿಲ್ಲ. ಗೆದ್ದದ್ದು 'ಠ'. ಸುತ್ತ 12 ಚುಕ್ಕಿ, ನಡುವೆ ಒಂದು! ತಲೆಕಟ್ಟು ಇಲ್ಲದಿದ್ದರೂ ಎಲ್ಲರೂ ಓದಿದರು. ನೆಟ್ ಇಲ್ಲದೆಯೂ ಬೋರ್ಡುಗಳು ರೇಡಿಯೊದಲ್ಲಿ ಒಂದಕ್ಕೊಂದು ಮಾತಾಡುತ್ತವೆ. ಒಂದೇ ಗ್ರೂಪ್ ಸಂಖ್ಯೆ ಇಟ್ಟವಕ್ಕೆ ಮಾತ್ರ ಪರಸ್ಪರ ಕೇಳಿಸುತ್ತದೆ, ಆ ಸಂಖ್ಯೆ 0ಯಿಂದ 255ರವರೆಗೆ ಯಾವುದಾದರೂ ಇಡಬಹುದು. ಹಿಂದಿನ ಬೆಂಚಿನವರು ಮುಂದಿನವರ ಸಂಖ್ಯೆ ಕದ್ದು ನೋಡಿ ಎಲ್ಲರ ಪರದೆಗೂ ಕೋತಿಚೇಷ್ಟೆ ಕಳಿಸಿದರು. ನಾನು ಬೈಯಲಿಲ್ಲ. ಪಾಠ ಅದೇ ಅಲ್ವಾ?

ತೊಂದರೆ ಒಂದೇ, ದುಡ್ಡು. ಒಂದು ಮೈಕ್ರೋಬಿಟ್ಟಿಗೆ ಕೊಟ್ಟ ಹಣದಲ್ಲಿ ನನಗೆ ಮೂರು ಪಿಕೊ ಬಂದವು.

ರಾಸ್ಪ್‌ಬೆರಿ ಪೈ ಪಿಕೊ 2021ರದ್ದು. ಬೂಟ್‌ಸೆಲ್ ಗುಂಡಿ ಒತ್ತಿಹಿಡಿದು ಚುಚ್ಚಿದರೆ ಇದೂ ಡ್ರೈವ್ ಆಗಿ ಕಾಣುತ್ತದೆ. ಪುಟ್ಟ ಬೋರ್ಡುಗಳಿಗೆಂದೇ ಇರುವ ಪೈಥಾನ್ ಭಾಷೆಯ ರೂಪ ಮೈಕ್ರೋಪೈಥಾನ್‌ನ ಫೈಲ್ ಹಾಕಿ, ಕಂಪ್ಯೂಟರಿನಲ್ಲಿ ಥಾನಿ ಎಂಬ ಎಡಿಟರಿನಲ್ಲಿ ಪ್ರೋಗ್ರಾಂ ಬರೆಯುವುದು. ಎಲ್ಲ ಆಫ್‌ಲೈನ್. ಆದರೆ ಬೋರ್ಡಿನಲ್ಲಿ ಇರುವುದು ಒಂದೇ ದೀಪ. ಉಳಿದದ್ದಕ್ಕೆ ಬ್ರೆಡ್‌ಬೋರ್ಡ್ (ಬೆಸೆಯದೆ ವೈರ್ ಚುಚ್ಚುವ ತೂತುಗಳ ಹಲಗೆ) ಬೇಕು. ಮಾಮೂಲಿ ಪಿಕೊಗೆ ಪಿನ್ನುಗಳನ್ನೂ ನಾವೇ ಬೆಸೆಯಬೇಕು. ಇನ್ನೊಂದು ಗೋಳು: ಪ್ರೋಗ್ರಾಮನ್ನು 'ಮೇನ್' (main.py) ಅನ್ನುವ ಹೆಸರಿನಲ್ಲಿ ಪಿಕೊದೊಳಗೇ ಉಳಿಸದಿದ್ದರೆ, ಕೇಬಲ್ ಕಿತ್ತು ಮತ್ತೆ ಪವರ್ ಕೊಟ್ಟಾಗ ಅದು ಓಡುವುದಿಲ್ಲ. ಅರ್ಧ ಮಕ್ಕಳು ಕಂಪ್ಯೂಟರಿನಲ್ಲೇ ಉಳಿಸುತ್ತಾರೆ. ಕರೆಂಟಿಲ್ಲದಾಗ ಪವರ್‌ಬ್ಯಾಂಕ್ ಸಿಕ್ಕಿಸಿದರೆ, ನನ್ನ ಪವರ್‌ಬ್ಯಾಂಕ್ ಅರ್ಧ ನಿಮಿಷಕ್ಕೆ ಮಲಗಿತು. ಪಿಕೊ ಎಳೆಯುವ ಕರೆಂಟು ಅಷ್ಟು ಕಡಿಮೆ, ಏನೂ ಚುಚ್ಚಿಲ್ಲ ಅಂತ ಪವರ್‌ಬ್ಯಾಂಕ್ ಅಂದುಕೊಳ್ಳುತ್ತದೆ. ಮೂರು ಸೆಲ್‌ನ ಡಬ್ಬಿ ತಂದ ಮೇಲೆ ಸರಿಹೋಯಿತು.

ಈಗ ಚೀಲದಲ್ಲಿ ನಾಲ್ಕು ಮೈಕ್ರೋಬಿಟ್, ಹತ್ತು ಪಿಕೊ ಇರುತ್ತವೆ. ಮೊದಲ ತಿಂಗಳು ಗುಂಪು ಮಾಡಿ ಮೈಕ್ರೋಬಿಟ್ ಕೊಡುತ್ತೇನೆ. ಆಸಕ್ತಿ ಉಳಿದವರಿಗೆ ಆಮೇಲೆ ತಲೆಗೊಂದು ಪಿಕೊ. ಊನೋಗಳನ್ನು ಒಂಬತ್ತನೆಯವರು ಮನೆಗೆ ಒಯ್ದಿದ್ದಾರೆ, ಡ್ರೈವರ್ ಇರುವ ಪೆನ್‌ಡ್ರೈವ್ ಸಮೇತ.