ಆಷಾಢದ ಗಾಳಿಗೆ ಹೇಳಿ ಮಾಡಿಸಿದ್ದು: ಒಂದು ಕಿಲೋವ್ಯಾಟ್ ಗಾಳಿ ಫ್ಯಾನು

ಚಿತ್ರದುರ್ಗದ ಗುಡ್ಡಗಳ ಹತ್ತಿರ ಜಮೀನು ಇರುವವರು ಬರೀ ಸೋಲಾರ್ ಹಾಕಿಸಿ ಸುಮ್ಮನಾಗಬೇಡಿ. ಜೊತೆಗೆ ಗಾಳಿಯಿಂದ ಕರೆಂಟ್ ತಯಾರಿಸುವ ಫ್ಯಾನೂ ಒಂದಿರಲಿ. ಜೋಗಿಮಟ್ಟಿ ಕಡೆಯ ನಮ್ಮ ತೋಟದ ಮನೆಗೆ ಫ್ಯಾನು, ಪ್ಯಾನೆಲ್, ಬ್ಯಾಟರಿ ಎಲ್ಲಾ ಸೇರಿದ ಹೈಬ್ರಿಡ್ ಸೆಟ್ ಹಾಕಿಸಿದ್ದೇವೆ. ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಇದರ ಗುಣ ಗೊತ್ತಾಗುವುದೇ ಆಷಾಢದಲ್ಲಿ. ನಮ್ಮ ಕಡೆ ಆಗ ಮಳೆ ಕಮ್ಮಿ, ಮೋಡ ಜಾಸ್ತಿ. ಪ್ಯಾನೆಲ್ ಮಂಕಾಗುತ್ತದೆ. ಅದೇ ಹೊತ್ತಿಗೆ ಪಡುವಲ ಗಾಳಿ ರಾತ್ರಿಯೂ ಬಿಡದೆ ಬೀಸುತ್ತದೆ. ಮನೆಯ ಲೈಟು, ಟಿವಿ, ಕುರಿ ಹಟ್ಟಿಯ ಬಲ್ಬು, ಝಟ್ಕಾ ಬೇಲಿ ಎಲ್ಲವೂ ನಡೆಯುತ್ತವೆ. ಕರೆಂಟ್ ಹೋದರೂ ಅಮ್ಮ ಹಟ್ಟಿಗೆ ಟಾರ್ಚ್ ಹಿಡಿದು ಹೋಗಬೇಕಿಲ್ಲ. ಬೋರ್‌ವೆಲ್ ಮೋಟರ್ ಓಡುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ, ಇಷ್ಟು ಚಿಕ್ಕ ಸೆಟ್‌ಗೆ ಅದು ಆಗದ ಮಾತು.

ಎತ್ತರದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಫಿಟ್ಟರ್ ತಾರಸಿ ಮೇಲೇ ಕೂರಿಸೋಣ ಅಂದ. ಅಣ್ಣ ಒಪ್ಪಲಿಲ್ಲ, ಬಯಲಲ್ಲಿ ಬೇರೆ ಕಂಬವೇ ಬೇಕು ಅಂತ ಪಟ್ಟು ಹಿಡಿದ. ಮೇಲೆ ಹೋದಷ್ಟೂ ಗಾಳಿ ಜೋರು. ಗಾಳಿಯ ವೇಗ ಎರಡು ಪಟ್ಟಾದರೆ ಸಿಗುವ ಶಕ್ತಿ ಎಂಟು ಪಟ್ಟು. ಅರ್ಧಕ್ಕಿಳಿದರೆ ಎಂಟರಲ್ಲಿ ಒಂದು ಪಾಲು ಅಷ್ಟೇ. ಸುತ್ತ 300 ಅಡಿಯೊಳಗಿನ ಮರ, ಮನೆಗಿಂತ ರೆಕ್ಕೆ 30 ಅಡಿಯಾದರೂ ಮೇಲಿರಬೇಕು. ಗುಡ್ಡದ ದೊಡ್ಡ ಫ್ಯಾನುಗಳನ್ನು ಅಷ್ಟು ಎತ್ತರಕ್ಕೆ ನಿಲ್ಲಿಸಿರುವುದೂ ಇದಕ್ಕೇ ಅಲ್ವಾ?

ಗಾಳಿ ತೀರಾ ಜೋರಾದರೆ ಫ್ಯಾನಿನ ಹಿಂದಿನ ಬಾಲ ಮಡಚಿಕೊಂಡು ರೆಕ್ಕೆಗಳು ತಾವಾಗಿಯೇ ಪಕ್ಕಕ್ಕೆ ತಿರುಗುತ್ತವೆ. ಆಗ ಸುಯ್ ಅನ್ನುವ ಸದ್ದು ಗರಗರ ಅಂತಾಗುತ್ತದೆ, ಗಾಬರಿ ಬೇಡ. ಬ್ಯಾಟರಿ ತುಂಬಿದ ಮೇಲೆ ಉಳಿದ ಕರೆಂಟ್ ಗೋಡೆಯ ಮೇಲಿನ ಹೀಟರ್ ಡಬ್ಬಿಗೆ ಹೋಗುತ್ತದೆ. ಅದು ಕೈ ಇಡಲಾಗದಷ್ಟು ಕಾಯುತ್ತದೆ. ಪಕ್ಕದಲ್ಲಿ ಮೇವು, ಗೋಣಿಚೀಲ ಇಡಲೇಬೇಡಿ.

ಒಂದು ಸ್ಟಾರ್ ಕಡಿಮೆಯಾಗಿದ್ದು ಸರ್ವಿಸ್‌ಗೆ. ಕಂಬದ ಬಿಗಿ ತಂತಿ ಸಡಿಲವಾಗಿದೆ ಅಂತ ಫೋನ್ ಮೇಲೆ ಫೋನ್ ಮಾಡಿದರೂ ಮಾರಿದವರು ಬೇಗ ಬರಲಿಲ್ಲ. ವರ್ಷಕ್ಕೆ ಎಷ್ಟು ಸಲ ಬರುತ್ತಾರೆ ಅಂತ ಬಿಲ್ ಮೇಲೇ ಬರೆಸಿಕೊಳ್ಳಿ.

ರಾಜ್ಯದ ಗಾಳಿ ವಿದ್ಯುತ್ ಸಾಮರ್ಥ್ಯ 6,000 ಮೆಗಾವ್ಯಾಟ್ ದಾಟಿದೆ. ಅದರಲ್ಲಿ ನಮ್ಮ ಗುಡ್ಡಗಳ ಪಾಲೂ ಇದೆ. ಗುಡ್ಡದ ಕೆಳಗಿನ ರೈತರ ಮನೆಗೂ ಅದೇ ಗಾಳಿ ದುಡಿಯಲಿ ಅನ್ನುವುದು ನನ್ನ ಆಸೆ. ದಾವಣಗೆರೆ ಪೇಟೆಯ ಬಿಲ್ಡಿಂಗ್‌ಗಳ ನಡುವೆ ಇರುವವರಿಗೆ ಸೋಲಾರೇ ಸರಿ. ಬಯಲಿನವರು ಹಾಕಿಸುವುದಾದರೆ ಏಪ್ರಿಲ್ ಒಳಗೆ ಹಾಕಿಸಿ. ಗಾಳಿ ಶುರುವಾದ ಮೇಲೆ ಕಂಬ ಎತ್ತುವುದು ಅಪಾಯ.