ಟೈಮಿಂಗ್ ಬೆಲ್ಟ್ ಕಿಟ್: ವಾಟರ್ ಪಂಪ್ ಇರುವುದನ್ನೇ ತೆಗೆದುಕೊಳ್ಳಿ

ಕಾರಿನ ಟೈಮಿಂಗ್ ಬೆಲ್ಟ್ ಅಂದರೆ ಪಿಸ್ಟನ್ ತಿರುಗಿಸುವ ಕ್ರ್ಯಾಂಕನ್ನೂ ವಾಲ್ವ್ ತೆರೆಯುವ ಕ್ಯಾಮನ್ನೂ ಒಂದೇ ಲಯದಲ್ಲಿಡುವ ಹಲ್ಲಿನ ಬೆಲ್ಟ್. ಅದನ್ನು ಬದಲಾಯಿಸಲು ಬರೀ ಬೆಲ್ಟ್ ಸಾಕಾ, ಪೂರ್ತಿ ಕಿಟ್ ಬೇಕಾ ಅಂತ ಯೋಚಿಸುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ. ಕಿಟ್ಟೇ ತೆಗೆದುಕೊಳ್ಳಿ. ನಾನು ತರಿಸಿದ ಡಬ್ಬಿಯಲ್ಲಿ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಅದನ್ನು ದಾರಿಯಲ್ಲಿಡುವ ಐಡ್ಲರ್ ಚಕ್ರ, ಎಂಜಿನ್ ತಣ್ಣಗಿಡುವ ಕೂಲಂಟ್ ಹರಿಸುವ ವಾಟರ್ ಪಂಪ್, ಪಂಪಿನ ಗ್ಯಾಸ್ಕೆಟ್ ಎಲ್ಲಾ ಇತ್ತು. ಮನೆಯಲ್ಲೇ ಹಾಕಿದೆ, ಎಂಜಿನ್ ಈಗ ಸದ್ದಿಲ್ಲದೆ ಓಡುತ್ತಿದೆ.

ಈ ಕೆಲಸದಲ್ಲಿ ಬೆಲ್ಟ್ ಬದಲಾಯಿಸುವುದು ಸಣ್ಣದು, ಅದರ ಹತ್ತಿರ ಕೈ ಹೋಗುವ ಹಾಗೆ ಮಾಡುವುದೇ ದೊಡ್ಡದು. ಚಕ್ರ ಬಿಚ್ಚಬೇಕು, ಎಂಜಿನ್ ಕೆಳಗೆ ಮರದ ತುಂಡಿಟ್ಟು ಜ್ಯಾಕ್ ಕೊಟ್ಟು ಎಂಜಿನ್ ಹಿಡಿದಿರುವ ಮೌಂಟ್ ತೆಗೆಯಬೇಕು, ಆಮೇಲೆ ಕ್ರ್ಯಾಂಕ್ ಪುಲ್ಲಿ, ಆಮೇಲೆ ಕವರ್. ಇಷ್ಟೆಲ್ಲಾ ಬಿಚ್ಚಿ ಹಳೇ ಟೆನ್ಷನರನ್ನೇ ಉಳಿಸಿಕೊಂಡರೆ ಏನು ಬಂತು? ಅದರ ಬೇರಿಂಗ್ ಕೈಕೊಟ್ಟ ದಿನ ಹೊಸ ಬೆಲ್ಟೂ ಹೋಗುತ್ತದೆ. ನನ್ನ ಎಂಜಿನ್ನಿನಲ್ಲಿ ಇದೇ ಬೆಲ್ಟ್ ತಿರುಗಿಸುವ ವಾಟರ್ ಪಂಪಿನ ಕಥೆಯೂ ಅಷ್ಟೇ. ಎಷ್ಟೋ ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ನು ವಾಲ್ವ್‌ಗೆ ಹೊಡೆದು ವಾಲ್ವ್ ಸೊಟ್ಟಗಾಗುತ್ತದೆ.

ಹಳೇ ಐಡ್ಲರನ್ನು ಕೈಯಲ್ಲಿ ಹಿಡಿದು ತಿರುಗಿಸಿದೆ. ಸರ್ ಅಂತ ಒಣ ಸದ್ದು ಮಾಡುತ್ತಾ ತಿರುಗುತ್ತಲೇ ಇತ್ತು, ಅಂದರೆ ಒಳಗೆ ಗ್ರೀಸ್ ಒಣಗಿಹೋಗಿದೆ. ಹೊಸದರಲ್ಲಿ ಗ್ರೀಸಿನ ಹಿಡಿತ ಬೆರಳಿಗೇ ಗೊತ್ತಾಗುತ್ತದೆ, ಬಿಟ್ಟ ಕೂಡಲೇ ನಿಲ್ಲುತ್ತದೆ. ಹಳೇ ಬೆಲ್ಟ್ ಮಾತ್ರ ನೋಡೋಕೆ ಚೆನ್ನಾಗೇ ಇತ್ತು, ಒಂದು ಬಿರುಕೂ ಇಲ್ಲ. ಅದನ್ನು ನಂಬಬೇಡಿ. ಈಗಿನ ಬೆಲ್ಟ್‌ನ ರಬ್ಬರ್ ಗಟ್ಟಿ, ಮೇಲೆ ಏನೂ ಕಾಣದೆ ಒಳಗಿನ ಗಾಜಿನ ನೂಲು ಸೋತಿರಬಹುದು. ಕಾರಿನ ಪುಸ್ತಕದಲ್ಲಿ ಕಿಲೋಮೀಟರ್ ಜೊತೆ ವರ್ಷವನ್ನೂ ಕೊಟ್ಟಿರುವುದು ಸುಮ್ನೆ ಅಲ್ಲ.

ಹೊಸ ಬೆಲ್ಟ್ ಮೇಲಿನ ಬಾಣದ ಗುರುತು ಸ್ಪಷ್ಟವಾಗಿದೆ, ಹಲ್ಲುಗಳು ಪುಲ್ಲಿಯಲ್ಲಿ ಸರಿಯಾಗಿ ಕೂತವು. ಟೆನ್ಷನರ್ ಮುಳ್ಳು ಗುರುತಿಗೆ ಬರುವ ತನಕ ತಾಳ್ಮೆಯಿಂದ ಹೊಂದಿಸಿ, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ. ಆಮೇಲೆ ಕ್ರ್ಯಾಂಕ್, ಕ್ಯಾಮ್ ಅಲುಗದಂತೆ ಹಾಕಿದ್ದ ಲಾಕ್ ಪಿನ್‌ಗಳನ್ನೆಲ್ಲಾ ತೆಗೆದು ಕ್ರ್ಯಾಂಕನ್ನು ರೆಂಚ್‌ನಿಂದ ಕೈಯಾರೆ 2 ಸುತ್ತು ತಿರುಗಿಸಿ. ಕ್ರ್ಯಾಂಕ್ 2 ಸುತ್ತು ಬಂದರೆ ಕ್ಯಾಮ್ 1 ಸುತ್ತು, ಹಾಗಾಗಿ ಎರಡರ ಗುರುತೂ ಮತ್ತೆ ಅದೇ ಜಾಗಕ್ಕೆ ಬರಬೇಕು. ಒಂದು ಹಲ್ಲು ಆಚೀಚೆ ಆಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ನಿಲ್ಲಿಸಿ ನೋಡಿ. ಇಷ್ಟು ಮಾಡದೆ ಕೀ ತಿರುಗಿಸಲೇಬೇಡಿ, ದಯವಿಟ್ಟು.

ಕ್ಯಾಮ್ ಮತ್ತು ಕ್ರ್ಯಾಂಕ್ ಲಾಕ್ ಮಾಡುವ ಪಿನ್ ಸೆಟ್ ಕಿಟ್ಟಿನಲ್ಲಿ ಬರುವುದಿಲ್ಲ, ಬೇರೆ ತರಿಸಬೇಕು. ಪೇಂಟ್ ಗುರುತು ಹಾಕಿಕೊಂಡರೆ ಸಾಕು ಅನ್ನುವವರಿದ್ದಾರೆ, ನನಗೆ ಆ ಧೈರ್ಯ ಬೇಡ. ಆದರೆ ಆ ಪಿನ್ ಟೈಮಿಂಗ್ ಹಿಡಿಯೋಕೆ ಮಾತ್ರ. ಅದರ ಬಲದ ಮೇಲೆ ಕ್ರ್ಯಾಂಕ್ ಬೋಲ್ಟ್ ಸಡಿಲಿಸಲು ಹೋದರೆ ಪಿನ್ ಮುರಿಯುತ್ತದೆ, ಪುಲ್ಲಿ ಹಿಡಿಯುವ ಟೂಲ್ ಬೇರೆಯೇ ಇದೆ.

ಬೇಜಾರಾಗಿದ್ದು ಎರಡಕ್ಕೆ. ಜೊತೆಗೆ ಕೊಟ್ಟ ಕಾಗದದಲ್ಲಿ ಬರೀ ಚಿತ್ರ, ಬೋಲ್ಟ್‌ಗಳನ್ನು ಬಿಗಿ ಮಾಡುವ ಬಲ, ಅಂದರೆ ಟಾರ್ಕ್ ಎಷ್ಟು ಅಂತ ಎಲ್ಲೂ ಇಲ್ಲ. ಅದಕ್ಕೆ ಸರ್ವಿಸ್ ಮ್ಯಾನುಯಲ್ ನೋಡಲೇಬೇಕು. ಇನ್ನೊಂದು, ಹೊಸ ಕ್ರ್ಯಾಂಕ್ ಬೋಲ್ಟ್ ಇಟ್ಟಿಲ್ಲ. ನನ್ನ ಎಂಜಿನ್ನಿನಲ್ಲಿ ಅದು ಬಿಗಿ ಮಾಡಿದಾಗ ಹಿಗ್ಗುವ ಬೋಲ್ಟ್, ಒಂದು ಸಲ ಬಿಚ್ಚಿದರೆ ಮತ್ತೆ ಬಳಸುವಂತಿಲ್ಲ. ಐಡ್ಲರ್‌ಗೂ ಪಂಪ್‌ಗೂ ಜಾಗ ಇರುವ ಡಬ್ಬಿಯಲ್ಲಿ ಒಂದು ಬೋಲ್ಟ್‌ಗೆ ಜಾಗ ಇರಲಿಲ್ವಾ? ಐದಕ್ಕೆ ನಾಲ್ಕು ಸ್ಟಾರ್. ಕಿಟ್ ಆರ್ಡರ್ ಮಾಡುವಾಗಲೇ ಬೋಲ್ಟನ್ನೂ, ಪಂಪ್ ಬಿಚ್ಚುವಾಗ ಚೆಲ್ಲಿಹೋಗುವ ಕೂಲಂಟನ್ನೂ ಸೇರಿಸಿ ತರಿಸಿಕೊಳ್ಳಿ.